ಪಿಚರ್ ಜ್ಯಾಕ್ ಕೂಂಬ್ಸ್, ಕೋಚ್ ಜ್ಯಾಕ್ ಕೂಂಬ್ಸ್

ಇವತ್ತೆಲ್ಲ ಜ್ಯಾಕ್ ಕೂಂಬ್ಸ್ ತಲೆಯಲ್ಲೇ ಕೂತಿದ್ದಾರೆ. ಅಮೆರಿಕದ ಹಳೇ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡೆಸೆಯುವವರು. 1906ರಲ್ಲಿ ಕೋಲ್ಬಿ ಕಾಲೇಜಿನ ಓದು ಮುಗಿಸಿ ಸೀದಾ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡ ಸೇರಿದವರು. ಅದೇ ವರ್ಷ ಸೆಪ್ಟೆಂಬರ್ 1ರಂದು ಬಾಸ್ಟನ್‌ನಲ್ಲಿ ಒಂದು ಪಂದ್ಯ. 9 ಇನ್ನಿಂಗ್ಸ್‌ಗೆ ಮುಗಿಯಬೇಕಾದ ಆಟ 24ರವರೆಗೂ ಎಳೆಯಿತು. ಅಷ್ಟೂ ಇನ್ನಿಂಗ್ಸ್ ತಮ್ಮ ತಂಡಕ್ಕೆ ಚೆಂಡೆಸೆದವರು ಇವರೊಬ್ಬರೇ! 4-1ರಲ್ಲಿ ಗೆದ್ದರು. ಎದುರಾಳಿ ಪಿಚರ್ ಜೋ ಹ್ಯಾರಿಸ್ ಕೂಡ ಕೊನೆವರೆಗೂ ಎಸೆದೇ ಸೋತರು. ಪಾಪ, ಅವರ ಹೆಸರನ್ನೂ ಹೇಳಬೇಕು ಅಲ್ವಾ?

1910ರಲ್ಲಂತೂ ಕೂಂಬ್ಸ್ 31 ಪಂದ್ಯ ಗೆದ್ದರು. ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಷದ ಕೊನೆಯ ಸರಣಿ ವರ್ಲ್ಡ್ ಸೀರೀಸ್‌ನಲ್ಲಿ ಮತ್ತೆ 3. ಆಮೇಲೆ 1913ರಲ್ಲಿ ಟೈಫಾಯ್ಡ್ ಬಂದು ಜೀವಕ್ಕೇ ಕುತ್ತಾಯಿತು. ಎರಡು ಸೀಸನ್ ಹೆಚ್ಚುಕಮ್ಮಿ ಆಡಲೇ ಇಲ್ಲ. ವಾಪಸ್ ಬಂದು ಬ್ರೂಕ್ಲಿನ್ ಪರ ಆಡಿ, 1916ರ ವರ್ಲ್ಡ್ ಸೀರೀಸ್‌ನಲ್ಲೂ ಒಂದು ಪಂದ್ಯ ಗೆದ್ದರು.

ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಇದರ ನಂತರದ ಬದುಕು. 1929ರಿಂದ 1952ರವರೆಗೆ ಉತ್ತರ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕೋಚ್. ದೊಡ್ಡ ಲೀಗಿನ ಗದ್ದಲ ಬಿಟ್ಟು, ಪ್ರತಿ ವರ್ಷ ಹೊಸ ಹುಡುಗರು, ಮತ್ತೆ ಮೊದಲಿಂದ ಪಾಠ. ತಾನು ಚೆನ್ನಾಗಿ ಆಡುವುದೇ ಬೇರೆ, ಇನ್ನೊಬ್ಬರ ಕೈಗೆ ಆ ವಿದ್ಯೆ ದಾಟಿಸುವುದೇ ಬೇರೆ. ಎರಡೂ ಬಂದವರು ಕಡಿಮೆ. ಡ್ಯೂಕ್‌ನಲ್ಲಿ ಅವರ ಕೈಯಲ್ಲಿ ಕಲಿತ ಡಿಕ್ ಗ್ರೋಟ್ ಮುಂದೆ 1960ರಲ್ಲಿ, ಅಮೆರಿಕದ ಎರಡು ದೊಡ್ಡ ಲೀಗುಗಳಲ್ಲೊಂದಾದ ನ್ಯಾಷನಲ್ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡರು. ಅದನ್ನು ನೋಡಲು ಕೂಂಬ್ಸ್ ಇರಲಿಲ್ಲ, 1957ರಲ್ಲೇ ತೀರಿಕೊಂಡಿದ್ದರು. ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!