ಮೂಸಿ ನೋಡು ಬಾ

28 ಜುಲೈ 2024, ಭಾನುವಾರ
ಶಿವಮೊಗ್ಗ

ಬೆಳಗಿನಿಂದ ಮಳೆ ಒಂದು ಗಳಿಗೆಯೂ ಹೊಳವಾಗಲಿಲ್ಲ. ಪುಷ್ಯದ ಮಳೆ ಹಿಡಿದರೆ ಹೀಗೆಯೇ. ತುಂಗಾ ಹೊಳೆಯ ಮಂಟಪ ಮುಳುಗಿದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆಂದು ಕೊಡೆ ಹಿಡಿದು ಕೋರ್ಪಲಯ್ಯನ ಛತ್ರದ ಕಡೆಗೆ ಹೊರಟ ಇವರು, ದಾರಿಯಲ್ಲಿ ಯಾರೋ ಮಾರುತ್ತಿದ್ದರೆಂದು ಒಂದು ಕಟ್ಟು ಮರಕೆಸುವಿನ ಎಲೆ ಹಿಡಿದುಕೊಂಡು ಬಂದರು; ಮಂಟಪದ ಸುದ್ದಿ ಹೇಳುವುದನ್ನೇ ಮರೆತರು. ಎಲೆಯನ್ನು ಬೋರಲು ಹಾಕಿಕೊಂಡು ದಪ್ಪ ನಾರನ್ನು ಹೆರೆಯುತ್ತ ಕುಳಿತಿದ್ದಾಗ ಊರಿನಿಂದ ತಮ್ಮನ ಫೋನು ಬಂತು.

"ಅಕ್ಕಾ, ಗುರುವಾರದ ಅಡಿಗೆಗೆ ಪಟ್ಟಿ ಕೇಳಿದ್ದಾರೆ. ಅಮ್ಮನಿಗೆ ಇಷ್ಟವಾದದ್ದು ಎಂತಾದರೂ ಒಂದು ಸೇರಿಸಬೇಕಂತೆ. ಎಂತ ಹೇಳಲಿ?"

ಗುರುವಾರ ಬಹುಳ ದ್ವಾದಶಿ, ಅಮ್ಮನ ತಿಥಿ. ಇಷ್ಟು ವರ್ಷವೂ ಪಟ್ಟಿಯನ್ನು ತಾವೇ ನಿರ್ಧರಿಸಿ, ನಮ್ಮನ್ನು ಒಂದು ಮಾತೂ ಕೇಳದೆ ಅಡಿಗೆ ಮುಗಿಸಿ ಹೋಗುತ್ತಿದ್ದ ಹಳೆಯ ಭಟ್ಟರು ಮೊಣಕಾಲು ನೋವೆಂದು ಈ ಸಲ ಒಲ್ಲೆನೆಂದರಂತೆ. ಹೊಸಬರಿಗೆ ಗೊತ್ತಿಲ್ಲ, ಆದ್ದರಿಂದ ಕೇಳಿದ್ದಾರೆ. ಅಮ್ಮ ತೀರಿಕೊಂಡು 15 ವರ್ಷಗಳಾದ ಮೇಲೆ, ಅವಳಿಗೆ ಯಾವ ಅಡಿಗೆ ಇಷ್ಟವಿತ್ತೆಂಬ ಪ್ರಶ್ನೆಗೆ ಅವಳ ಇಬ್ಬರು ಮಕ್ಕಳಲ್ಲಿ ಒಬ್ಬರಿಗೂ ಉತ್ತರ ತಿಳಿಯದು ಎಂಬುದು ಹೀಗೆ ಬಯಲಾಯಿತು.

"ಅಮ್ಮನ ಸಾರೇ ಮಾಡಿಸುವುದಾ?" ಎಂದ. ಇಬ್ಬರೂ ಬಹಳ ಹೊತ್ತು ನಕ್ಕೆವು. ಸಾಸಿವೆ ಸಿಡಿದು, ಮೆಣಸಿನಕಾಯಿ ಕಪ್ಪಾಗಿ, ಕರಿಬೇವು ಇದ್ದಿಲಾಗುವ ತನಕ ಒಗ್ಗರಣೆ ಸೌಟನ್ನು ಹಿಡಿದು ನಿಲ್ಲಲು ಯಾವ ಅಡಿಗೆಯವರಿಗೆ ಮನಸ್ಸು ಬಂದೀತು ಎಂದು ನಾನೆಂದೆ. ಇಂಗನ್ನು ಒಂದು ದಿನ ಪೂರ್ತಿ ಮರೆತು, ಮರುದಿನ ಎರಡು ದಿನದ್ದನ್ನೂ ಸೇರಿಸಿ ಹಾಕಬೇಕು ಎಂದು ಅವನು ಸೇರಿಸಿದ.

ನಮ್ಮ ಮನೆಯ ಊಟ ಕೆಟ್ಟದ್ದೆಂದು ಊರಿಗೆಲ್ಲ ಗೊತ್ತಿತ್ತು. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದವರು ಎಲೆಯ ಮುಂದೆ ಕೂರುವ ಮೊದಲೇ "ಅಮ್ಮಾ, ನಮಗೆ ಉಪ್ಪಿನಕಾಯಿ ಇದ್ದರೆ ಸಾಕು" ಎನ್ನುತ್ತಿದ್ದರು. ಅಜ್ಜಿ ಹಾಕಿಡುತ್ತಿದ್ದ ಅಪ್ಪೆಮಿಡಿಯೊಂದು ನಮ್ಮ ಮನೆತನದ ಮರ್ಯಾದೆಯನ್ನು ಕಾಯುತ್ತಿತ್ತು. ಹಾಗೆಂದು ಅಪಕೀರ್ತಿಯೆಲ್ಲ ಅಮ್ಮನೊಬ್ಬಳಿಗೇ ಸೇರತಕ್ಕದ್ದಲ್ಲ. ತಿಂಗಳಲ್ಲಿ 3 ದಿನ ಅಮ್ಮ ಹೊರಗೆ ಕೂರುತ್ತಿದ್ದ ಕಾಲವದು. ಅಜ್ಜಿಯ ಕಣ್ಣು ಮಂಜಾದ ಮೇಲೆ ಆ ದಿನಗಳ ಅಡಿಗೆ ಅಪ್ಪಯ್ಯನ ಪಾಲಿಗೆ ಬಂದಿತ್ತು. ಅಡಿಕೆಯ ಕೊಳೆರೋಗಕ್ಕೆಂದು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣವೆಂದು ತೂಗಿ ಬೆರೆಸಿ, ಕತ್ತಿಯ ಅಲಗನ್ನು ಅದ್ದಿ ಅದಕ್ಕೆ ತಾಮ್ರ ಹತ್ತುವುದಿಲ್ಲವೆಂದು ಖಾತ್ರಿಯಾಗುವ ತನಕ ಕೊನೆಗಾರನನ್ನು ಮರ ಹತ್ತಲು ಬಿಡದಿದ್ದ ಮನುಷ್ಯ, ಸಾರಿಗೆ ಉಪ್ಪು ಹಾಕುವಾಗ ಮಾತ್ರ ಮರಿಗೆಗೆ ಕೈ ಹಾಕಿ ಸಿಕ್ಕಷ್ಟನ್ನು ಎತ್ತಿ ಎಸೆಯುತ್ತಿದ್ದರು. ಬೇಳೆ ತಳದಲ್ಲಿ, ಅರಿಶಿನದ ನೀರು ಮೇಲೆ. ಅನ್ನವಂತೂ ತಟ್ಟೆಗೆ ಬಿದ್ದ ಮೇಲೆಯೂ ಸೌಟಿನ ಆಕಾರದಲ್ಲಿಯೇ ಕುಳಿತಿರುತ್ತಿತ್ತು. ನಾವು ಅದನ್ನು ಬೆರಳಿನಿಂದ ತಟ್ಟಿ ಕೆಡವುತ್ತಿದ್ದೆವು.

ಇನ್ನು, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆ; ಅದೂ ತೀರ್ಥಹಳ್ಳಿಯ ಅತ್ತೆಯದು. ಅಜ್ಜಿಗೆ ಹುಳಿತೇಗೆಂದು ಆ ಸಲ ಅತ್ತೆ ಹಿಟ್ಟಿಗೆ ಹುಣಿಸೆಹಣ್ಣನ್ನು ಹೆಸರಿಗಷ್ಟೇ ಹಾಕಿದ್ದಳು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಯಂತೆ ಕಟ್ಟುಕಟ್ಟಾಗಿ ಇರುತ್ತವೆ, ನಾಲಿಗೆಗೂ ಗಂಟಲಿಗೂ ಚುಚ್ಚಿಕೊಳ್ಳುವವು ಅವೇ, ವಾಟೆಹುಳಿಯನ್ನೋ ಹುಣಿಸೆಯನ್ನೋ ಧಾರಾಳವಾಗಿ ಸೇರಿಸುವುದು ರುಚಿಗೆ ಮಾತ್ರವಲ್ಲ ಎಂದು ಮುಂದೆ ನಾನು ಪ್ರೌಢಶಾಲೆಯಲ್ಲಿ ವರ್ಷವರ್ಷವೂ ಪಾಠ ಹೇಳಿದೆನಾದರೂ, ಆ ಪಾಠವನ್ನು ನಾನು ಕಲಿತದ್ದು ಆ ಸಂಜೆಯೇ. ತಮ್ಮ ಬೆಲ್ಲದ ಡಬ್ಬಿಯನ್ನು ಹೊತ್ತುಕೊಂಡು ಓಡಿದ. ಮಾವ ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸುತ್ತಲೇ ಇದ್ದರು. ಅತ್ತೆ ಮಾತ್ರ "ನನಗೇನೂ ತುರಿಸುತ್ತಿಲ್ಲಪ್ಪ" ಎನ್ನುತ್ತ, ಎರಡು ಕೈಯಲ್ಲಿ ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು.

ಇದನ್ನೆಲ್ಲ ನೆನೆದು ನಕ್ಕು ಫೋನು ಇಟ್ಟ ಮೇಲೆ, ನಗು ಯಾಕೋ ಅಲ್ಲಿಯೇ ನಿಂತಿತು. ಒಗ್ಗರಣೆ ಸೌಟು ಕಣ್ಣಮುಂದೆಯೇ ಇತ್ತು. ಹೊಗೆ ಅಟ್ಟಕ್ಕೆ ಏರುತ್ತಿದೆ, ಜಗಲಿಯಲ್ಲಿ ಕುಳಿತ ಅಜ್ಜಿ, ಕಣ್ಣು ಕಾಣದಿದ್ದರೂ, ಕೆಮ್ಮುತ್ತ "ಹೊತ್ತಿತು, ಹೊತ್ತಿತು!" ಎಂದು ಕೂಗುತ್ತಿದ್ದಾಳೆ, ಸೌಟಿನಿಂದ ಎರಡು ಅಡಿ ದೂರದಲ್ಲಿ ನಿಂತ ಅಮ್ಮ ಆ ಕೂಗು ಕೇಳಿದ ಮೇಲೆಯೇ ತಿರುಗಿ ನೋಡುತ್ತಿದ್ದಾಳೆ. ನಾವೆಲ್ಲ ಅದನ್ನು ಮೈಮರೆವು ಎಂದುಕೊಂಡಿದ್ದೆವು.

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ದಿನಾ ಬೆಳಗ್ಗೆ ಅಮ್ಮ ನಮ್ಮಲ್ಲಿ ಒಬ್ಬರನ್ನು ಅಡಿಗೆಮನೆಗೆ ಕರೆಯುತ್ತಿದ್ದಳು. "ಮೂಸಿ ನೋಡು ಬಾ." ರಾತ್ರಿಯ ಹಾಲು, ನಿನ್ನೆಯ ಹುಳಿ, ಮಳೆಗಾಲದಲ್ಲಿ ತೆಂಗಿನಕಾಯಿಯ ಕಡಿ, ಎಲ್ಲವನ್ನೂ ನಮ್ಮ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ತಣ್ಣಗಿನ ಹಾಲಿನ ಪಾತ್ರೆಯ ಅಂಚಿಗೆ ಕಟ್ಟಿದ ಕೆನೆಯ ವಾಸನೆ ನನಗೆ ಆಗುತ್ತಿರಲಿಲ್ಲ. ನೀನೇ ಮೂಸಬಾರದೇ ಎಂದು ರೇಗಿದರೆ, "ನನಗೆ ನೆಗಡಿ" ಎನ್ನುತ್ತಿದ್ದಳು. ವರ್ಷವಿಡೀ ನೆಗಡಿ ಇರುವ ಅಮ್ಮನನ್ನು ನಾವು ಒಮ್ಮೆಯೂ ವಿಚಿತ್ರವೆಂದು ತಿಳಿಯಲಿಲ್ಲ. ಸೀನಿದ್ದನ್ನು ಕಂಡ ನೆನಪಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದಾಗ ಒಂದು ದಿನ, ಶಾಲೆಗೆ ಹೊತ್ತಾಯಿತೆಂಬ ಅವಸರದಲ್ಲಿ, ಹುಳಿಯ ಪಾತ್ರೆಯತ್ತ ಬಗ್ಗಿದಂತೆ ಮಾಡಿ, ಮೂಸದೆಯೇ "ಸರಿಯಾಗಿದೆ" ಎಂದು ಓಡಿದೆ. ಆ ಮಧ್ಯಾಹ್ನ ಅಪ್ಪಯ್ಯನೊಂದಿಗೆ ಅಡಿಕೆ ಮಂಡಿಯ ಕಡೆಯ ಇಬ್ಬರು ಊಟಕ್ಕೆ ಬಂದರಂತೆ. ಅನ್ನಕ್ಕೆ ಬಡಿಸಿದ ಹುಳಿ ಹಳಸಿತ್ತು. ನಾನು ಸಂಜೆ ಬಂದಾಗಲೂ ಅಪ್ಪಯ್ಯನ ಸಿಟ್ಟು ಇಳಿದಿರಲಿಲ್ಲ; ಮೂಗಿಲ್ಲವೇ ನಿನಗೆ ಎಂದು ಜಗಲಿಗೆ ಕೇಳುವಂತೆ ಕೂಗುತ್ತಿದ್ದರು. ಅಮ್ಮ ನನ್ನನ್ನು ಒಮ್ಮೆ ನೋಡಿ, ಬಾಳೆಲೆಯ ಮೇಲೆ ಉಳಿದ ಅನ್ನವನ್ನು ದನದ ಬಾನಿಗೆ ಸುರಿಯಲು ಹೋದಳು. ಮಗಳು ಮೂಸಿ ಹೇಳಿದ್ದಳು ಎಂದು ಅವಳು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ನಾನಂತೂ ಹೇಳುವಂತೆಯೇ ಇರಲಿಲ್ಲ. ಈ ಸಾಲುಗಳನ್ನು ಓದಿದರೆ ತಮ್ಮನಿಗೂ ಇಂದೇ ಗೊತ್ತಾಗುವುದು.

2021ರ ಮೇ ತಿಂಗಳಿನಲ್ಲಿ ಕೊರೋನಾ ಬಂದು ನನ್ನ ವಾಸನೆ ಪೂರ್ತಿ ಹೋಗಿತ್ತು. ಸರಿಯಾಗಿ ಮರಳಲು ಒಂದೂವರೆ ತಿಂಗಳು ಹಿಡಿಯಿತು. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆಯೇ. ಅದು ಹೋದರೆ ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಇಂಥವಷ್ಟೇ ಉಳಿಯುತ್ತವೆ. ಖಾರವೂ ಉಳಿಯುತ್ತದೆ, ಏಕೆಂದರೆ ಅದು ನಿಜವಾಗಿ ರುಚಿಯೇ ಅಲ್ಲ, ಉರಿ. ಅದನ್ನು ಮೆದುಳಿಗೆ ಒಯ್ಯುವ ನರ ಬೇರೆ. ಆ ದಿನಗಳಲ್ಲಿ ನಾನು ಮಾಡಿದ ಸಾರಿಗೆ ಎಷ್ಟು ಹಾಕಿದರೂ ಏನೋ ಸಾಲದೆಂದು ತೋರಿ ಉಪ್ಪು ಹಾಕಿದೆ, ಹುಳಿ ಹಿಂಡಿದೆ, ಮತ್ತೆ ಖಾರ ಹಾಕಿದೆ. ಒಂದು ದಿನ ಒಗ್ಗರಣೆ ಕರಕಲಾಗಿ, ಅಂಗಳದಲ್ಲಿದ್ದ ಇವರು ಓಡಿ ಬಂದು ಒಲೆ ಆರಿಸಿದರು. ಅಷ್ಟಾದರೂ ನನಗೆ ಅಮ್ಮ ನೆನಪಾಗಲಿಲ್ಲ. ಜೀವಶಾಸ್ತ್ರ ಕಲಿಸಿದವಳು ನಾನು! ಮೂರು ವರ್ಷ ಕಳೆದು, ಕೆಸುವಿನ ನಾರು ತೆಗೆಯುತ್ತ ಅವಳನ್ನು ಹಾಸ್ಯ ಮಾಡಿ ನಕ್ಕ ಮೇಲೆ ಎರಡೂ ಒಂದಕ್ಕೊಂದು ತಾಗಿದವು.

ಅಮ್ಮನ ತಲೆಯ ಹಿಂಭಾಗದಲ್ಲಿ, ಜಡೆ ಹಾಕುವಾಗ ಕೈಗೆ ಸಿಗುವ, ಕೂದಲು ಹುಟ್ಟದ ಒಂದು ಗೆರೆಯಿತ್ತು. ಮದುವೆಯಾದ ವರ್ಷ ಅಟ್ಟದ ಏಣಿಯಿಂದ ಬಿದ್ದದ್ದಂತೆ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮೂಗಿನಿಂದ ಮೆದುಳಿಗೆ ಹೋಗುವ ಸಣ್ಣ ನರದೆಳೆಗಳು ಹರಿದು, ಕೆಲವರಿಗೆ ವಾಸನೆ ಶಾಶ್ವತವಾಗಿ ಹೋಗುವುದುಂಟು. ಸೋದರಮಾವ ಬಂದಾಗಲೆಲ್ಲ "ನಮ್ಮ ಮನೆಯಲ್ಲಿದ್ದಾಗ ಇವಳ ಕೈಯಡಿಗೆ ಚೆನ್ನಾಗಿಯೇ ಇತ್ತು" ಎನ್ನುತ್ತಿದ್ದರು. ತಂಗಿಯನ್ನು ಬಿಟ್ಟುಕೊಡದ ಅಣ್ಣನ ಮಾತೆಂದು ನಾವು ಬಾಯಿ ಮುಚ್ಚಿ ನಗುತ್ತಿದ್ದೆವು.

ಸಂಜೆ ತಮ್ಮನಿಗೆ ನಾನೇ ಫೋನು ಮಾಡಿ ಇಷ್ಟನ್ನೂ ಹೇಳಿದೆ, ಹಳಸಿದ ಹುಳಿಯ ಸಂಗತಿಯೊಂದನ್ನು ಬಿಟ್ಟು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಇಲ್ಲ ಅಕ್ಕಾ. ಅಮ್ಮನಿಗೆ ಅಡಿಗೆಯಲ್ಲಿ ಮನಸ್ಸೇ ಇರಲಿಲ್ಲ, ಅಷ್ಟೇ. ಒಲೆಯ ಮುಂದೆ ಸುಧಾ ಹಿಡಿದು ಧಾರಾವಾಹಿ ಓದುತ್ತ ಕೂತಿರುತ್ತಿದ್ದದ್ದು ಮರೆತು ಹೋಯಿತಾ? ನೀನು ಎಲ್ಲದಕ್ಕೂ ಒಂದು ಕಾಯಿಲೆ ಹುಡುಕಬೇಡ."

ಅದೂ ನಿಜವಿರಬಹುದು. ಧಾರಾವಾಹಿಯ ಕಂತು ಮುಗಿಯುವ ತನಕ ಮನೆಮಂದಿಯ ಸಾರು ಹೊತ್ತಿದರೆ ಹೊತ್ತಲಿ ಎಂದು ಕುಳಿತಿದ್ದ ಅಮ್ಮ, ಹಾಗೆ ನೋಡಿದರೆ, ನನಗೆ ಇನ್ನಷ್ಟು ಇಷ್ಟವಾಗುತ್ತಾಳೆ. ಆದರೆ ಮೂಸಿ ನೋಡೆಂದು ಕರೆಯುತ್ತಿದ್ದದ್ದು ಯಾತಕ್ಕೆ ಎಂದು ಕೇಳಿದರೆ ಅವನ ಬಳಿಯೂ ಉತ್ತರವಿರಲಿಲ್ಲ.

"ಹಪ್ಪಳ" ಎಂದೆ ನಾನು. "ಪಟ್ಟಿಗೆ ಹಲಸಿನ ಹಪ್ಪಳ ಬರೆಸು."

ಅವಳು ಆಸೆಪಟ್ಟು ತಿನ್ನುತ್ತಿದ್ದದ್ದು ಅದೊಂದನ್ನೇ. ಕೆಂಡದಲ್ಲಿ ಸುಟ್ಟ ಹಪ್ಪಳವನ್ನು ಕಾಯಿಚೂರಿನ ಜೊತೆ, ಎಲ್ಲರ ಊಟ ಮುಗಿದ ಮೇಲೆ ಒಬ್ಬಳೇ ಕುಳಿತು, ಕಟುಂ ಕುಟುಂ ಎನ್ನಿಸಿ ತಿನ್ನುತ್ತಿದ್ದಳು. ನಾಲಿಗೆಗಿಂತ ಹಲ್ಲಿಗೆ, ಕಿವಿಗೆ ಹೆಚ್ಚು ಸಿಗುವ ತಿನಿಸು ಅದು. ಹಪ್ಪಳವನ್ನು ಯಾರಾದರೂ ಇಷ್ಟದ ಅಡಿಗೆ ಎನ್ನುತ್ತಾರಾ, ಭಟ್ಟರು ನಕ್ಕಾರು ಎಂದು ಗೊಣಗಿದರೂ, ಬರೆಸುತ್ತೇನೆ ಎಂದ.

ಪತ್ರೊಡೆ ಬೆಂದು ಆರುತ್ತಿದೆ. ಹುಣಿಸೆಹಣ್ಣನ್ನು ಧಾರಾಳವಾಗಿಯೇ ಹಾಕಿದ್ದೇನೆ. ಇವರು ಮೊದಲು ನಾನು ತಿಂದು ತೋರಿಸಬೇಕು ಎನ್ನುತ್ತಿದ್ದಾರೆ. ಇಷ್ಟನ್ನು ಬರೆದು ಮುಗಿಸೋಣವೆಂದುಕೊಂಡಾಗ ಮತ್ತೊಂದು ನೆನಪಾಗಿ ಎಲ್ಲ ತಲೆಕೆಳಗಾಯಿತು. ತೋಟದ ಆಚೆಯ ಸುರಗಿ ಮರ ಹೂ ಬಿಟ್ಟಾಗ ಅಮ್ಮ ಬೆಳಗಿನ ಜಾವವೇ ಹೋಗಿ ಹೂ ಆಯ್ದು ತರುತ್ತಿದ್ದಳು. ಮಾಲೆ ಕಟ್ಟಿ, ಒಣಗಿಸಿ, ತನ್ನ ಟ್ರಂಕಿನಲ್ಲಿ ಸೀರೆಯ ಮಡಿಕೆಗಳ ನಡುವೆ ಇಡುತ್ತಿದ್ದಳು; ಸುರಗಿ ಒಣಗಿದ ಮೇಲೂ ಪರಿಮಳ ಬಿಡದ ಹೂವು. ಆ ಟ್ರಂಕನ್ನು ಅವಳು ಯಾರಿಗೂ ಮೂಸಿ ನೋಡೆಂದು ಹೇಳಿದ್ದಿಲ್ಲ. ಮಳೆಗಾಲದ ಮಧ್ಯಾಹ್ನಗಳಲ್ಲಿ ತಾನೇ ಮುಚ್ಚಳ ತೆರೆದು, ಮುಖವನ್ನು ಸೀರೆಗಳ ಹತ್ತಿರ ಇಟ್ಟುಕೊಂಡು ತುಂಬಾ ಹೊತ್ತು ಹಾಗೆಯೇ