ಕೆಂಪು ಗೆರೆ

ಅಮ್ಮನ ಬಿಪಿ ಮಾತ್ರೆ ತರೋಕೆ ಇವತ್ತು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ.

ಸಿಸ್ಟರ್ ರಿಜಿಸ್ಟರ್ ತಿರುವಿ, ಕೆಲವು ಹೆಸರುಗಳ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳೀತಿದ್ರು.

"ಇವರೆಲ್ಲ ಹೋದ ತಿಂಗಳು ಮಾತ್ರೆಗೆ ಬಂದಿಲ್ಲ ನೋಡಿ. ಅರ್ಧಕ್ಕರ್ಧ ಕೆರೆ ಆಚೆ ಬೀದಿಯವರೇ. ಸೋಮವಾರ ಆಶಾ ಅಕ್ಕನ ಜೊತೆ ನಾನೇ ಹೋಗಿ ಬರ್ತೀನಿ."

ದಿನಾ ಬರೆಯೋ ಅದೇ ಹಳೇ ಪುಸ್ತಕ. ಹೆಸರು, ವಯಸ್ಸು, 150/90. ಅಷ್ಟೇ.

ವಿಯೆನ್ನಾದ ಡಾಕ್ಟರ್ ಸೆಮೆಲ್‌ವೈಸ್ ನೋಡಿದ್ದೂ ಹೆರಿಗೆ ಆಸ್ಪತ್ರೆಯ ಇಂಥದೇ ಲೆಕ್ಕ. ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಲ್ಲೇ ಬಾಣಂತಿಯರ ಸಾವು ಜಾಸ್ತಿ ಇತ್ತು. 1847ರಲ್ಲಿ ಅವರು ವೈದ್ಯರ ಕೈಗಳನ್ನ ಕ್ಲೋರಿನ್ ನೀರಲ್ಲಿ ತೊಳೆಸಿದ್ರು. ಏಪ್ರಿಲಲ್ಲಿ ನೂರಕ್ಕೆ 18 ಇದ್ದದ್ದು ಜೂನಲ್ಲಿ 2ರ ಹತ್ತಿರ ಇಳೀತು. ಎಷ್ಟು ತಾಯಂದಿರು!

ಅಮ್ಮನ ಹೆಸರಿನ ಕೆಳಗೂ ಒಂದು ಕೆಂಪು ಗೆರೆ ಇತ್ತು. ಹೋದ ತಿಂಗಳು ನಾನೇ ಮರೆತಿದ್ದೆ.