ಹಿಜಾಝ್ ರೈಲು ಮಾದರಿ: ಹಳಿ ಮುಗಿದಿದೆ, ಇನ್ನು ಚಂದಾ ಫಲಕ

ಹಿಜಾಝ್ ರೈಲು ಎಂದೊಡನೆ ಮೊದಲ ಮಹಾಯುದ್ಧದಲ್ಲಿ ಹಳಿ ಉಡಾಯಿಸುತ್ತಿದ್ದ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಕಣ್ಮುಂದೆ ಬರುತ್ತಾನೆ. ಈ ಮಾದರಿ ಅದಕ್ಕೂ ಹಿಂದಿನ 1908ರದ್ದು, ದಮಾಸ್ಕಸ್‌ನಿಂದ ಹೊರಟ ಮಾರ್ಗ ಅರೇಬಿಯಾದ ಹಿಜಾಝ್ ಪ್ರಾಂತ್ಯದ ಮದೀನಾ ತಲುಪಿದ ವರ್ಷದ್ದು. ಯುರೋಪಿನ ಸಾಲವಿಲ್ಲದೆ, ನಾನಾ ದೇಶದ ಮುಸ್ಲಿಮರ ಚಂದಾ ಬಲದಿಂದ ಹಾಕಿದ ಹಳಿ ಎಂಬುದೇ ಇದರ ವಿಶೇಷ.

ಅಳತೆ 1:87. ಅಸಲಿ ಗೇಜ್ (ಎರಡು ಹಳಿಗಳ ನಡುವಿನ ಅಂತರ) 1050 ಮಿ.ಮೀ. ಫ್ರೆಂಚರ ಬೈರೂತ್–ದಮಾಸ್ಕಸ್ ಮಾರ್ಗ ಅದೇ ಗೇಜಿನದು, ಸಾಮಾನು ಬರಬೇಕಿದ್ದದ್ದೂ ಅದರ ಮೇಲೆಯೇ. 87ರಿಂದ ಭಾಗಿಸಿದರೆ 12.07, ಹಾಗಾಗಿ ಮೀಟರ್ ಗೇಜ್ ಮಾದರಿಗೆಂದು ಸಿಗುವ 12 ಮಿ.ಮೀ. ಹಳಿ ಮೀಟರ್ ಗೇಜಿಗಿಂತ ಇದಕ್ಕೇ ಚೆನ್ನಾಗಿ ಹೊಂದುತ್ತದೆ. ಹಲಗೆಯ ಉದ್ದ 120 ಸೆಂ.ಮೀ., ಅಂದರೆ ಅಸಲಿಯಲ್ಲಿ ಸುಮಾರು 104 ಮೀಟರ್. (ಇಡೀ 1300 ಕಿ.ಮೀ. ಮಾಡಲು 15 ಕಿ.ಮೀ. ಜಾಗ ಬೇಕು!)

ಕೋಡ್ 75 ಹಳಿ (ಕೋಡ್ ಎಂದರೆ ಇಂಚಿನ ಸಾವಿರದ ಲೆಕ್ಕದಲ್ಲಿ ಹಳಿಯ ಎತ್ತರ) ಇಲ್ಲಿಗೆ ತೀರ ದಪ್ಪ, 165 ಮಿ.ಮೀ. ಎತ್ತರದ ಹಳಿಯಂತೆ ಕಾಣುತ್ತದೆ. ಕೋಡ್ 55 ಹಾಕಿ. ಅಸಲಿ ಸ್ಲೀಪರ್ ಉಕ್ಕಿನದು, ಮರದ ಗೆರೆ ಮೂಡಿಸಿದ ಪ್ಲಾಸ್ಟಿಕ್ ಸ್ಲೀಪರ್ ನಡೆಯದು. ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡಿನ ಪಟ್ಟಿಗಳಿಗೆ ಹಳಿ ಬೆಸೆಯಿರಿ. ಮೊದಲು ಪ್ರತಿ ಪಟ್ಟಿಯ ನಡುವೆ ತಾಮ್ರವನ್ನು ಅರದಿಂದ ಕತ್ತರಿಸಿ. ಒಂದೇ ಒಂದು ಉಳಿದರೂ ಇಡೀ ಹಳಿ ಶಾರ್ಟ್. ಕೀಲಿನಲ್ಲಿ ಅರ್ಧ ಮಿ.ಮೀ. ಸಂದು ಬಿಡದಿದ್ದರೆ ಏಪ್ರಿಲ್ ಬಿಸಿಲಿಗೆ ಹಳಿ ಸೊಟ್ಟಗಾಗುತ್ತದೆ.

ಜಲ್ಲಿಗೆ ಜರಡಿ ಹಿಡಿದ ಎಂ-ಸ್ಯಾಂಡ್. ಅರ್ಧ ಮಿ.ಮೀ. ಕಾಳು ಅಸಲಿಯ 43 ಮಿ.ಮೀ. ಜಲ್ಲಿಗೆ ಸಮ, ಹೊಳೆ ಮರಳಿನ ಕಾಳು ದುಂಡಗಿರುವುದರಿಂದ ಜಲ್ಲಿಯಂತೆ ಕಾಣುವುದಿಲ್ಲ. ಒಣಗಿರುವಾಗಲೇ ಅಯಸ್ಕಾಂತ ಆಡಿಸಿ, ಕಬ್ಬಿಣದ ಕಣ ಉಳಿದರೆ ಎಂಜಿನ್ ಮೋಟಾರಿಗೆ ಮೆತ್ತಿಕೊಳ್ಳುತ್ತವೆ. ಫೆವಿಕಾಲ್ ಒಂದು ಪಾಲು, ನೀರು ಮೂರು ಪಾಲು, ಪಾತ್ರೆ ತೊಳೆಯುವ ಸೋಪು ಎರಡು ಹನಿ. ಸೋಪಿಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೆಯೇ ಗುಂಡುಗುಂಡಾಗಿ ನಿಲ್ಲುತ್ತದೆ.

ಗೊಂಬೆಗಳದ್ದೇ ಕಿರಿಕಿರಿ. ಅಂಗಡಿಯ ಪೊಟ್ಟಣದಲ್ಲಿ ಬರುವವರೆಲ್ಲ ಯುರೋಪಿನ ಟೋಪಿಯವರು. ಮುಖ್ಯ ಎಂಜಿನಿಯರ್ ಮೈಸ್ನರ್ ಜರ್ಮನ್ನನೇ ಆದರೂ, ಮದೀನಾಕ್ಕೆ ಉತ್ತರದ ಅಲ್-ಉಲಾ ದಾಟಿದ ಮೇಲೆ ಮುಸ್ಲಿಮೇತರರಿಗೆ ಪ್ರವೇಶವಿರಲಿಲ್ಲ. ಅಲ್ಲಿಂದ ಮದೀನಾವರೆಗಿನ ಕೆಲಸ ಮುಸ್ಲಿಂ ಎಂಜಿನಿಯರುಗಳದ್ದು. ನಮ್ಮ ತುಣುಕು ಆ ಭಾಗದ್ದೇ. ಆದ್ದರಿಂದ ಟೋಪಿಯ ಅಂಚು ಕೊಯ್ದು, ಎಪಾಕ್ಸಿ ಪುಟ್ಟಿಯಲ್ಲಿ ಅಂಚಿಲ್ಲದ ತುರ್ಕಿ ಟೋಪಿ ಫೆಜ್ ಕೂರಿಸಬೇಕು. ಕೂಲಿಯವರಿಗಿಂತ ಸಿಪಾಯಿಗಳೇ ಹೆಚ್ಚಿರಲಿ, ಹಳಿ ಹಾಕಿದವರಲ್ಲಿ ಬಹುಪಾಲು ಒಟ್ಟೋಮನ್ ಸೈನಿಕರು.

ಮುಂಬದಿಯ ಫಲಕದಲ್ಲಿ ಚಂದಾ ಬಂದ ದಾರಿಗಳು. ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ 1900ರಲ್ಲಿ ಕರೆ ಕೊಟ್ಟ ಮೇಲೆ ನೌಕರರ ಸಂಬಳದಲ್ಲಿ ಕಡಿತವಾಯಿತು, ಕುರ್ಬಾನಿಯ ತೊಗಲು ಮಾರಿದ ಹಣವೂ ಸೇರಿತು. ಭಾರತದಿಂದ ಹಣ ಎತ್ತಿದವರಲ್ಲಿ ಪಂಜಾಬಿನ ಪತ್ರಿಕಾ ಸಂಪಾದಕ ಮುಹಮ್ಮದ್ ಇನ್ಶಾಉಲ್ಲಾ, ಹೈದರಾಬಾದಿನ ಮುಲ್ಲಾ ಅಬ್ದುಲ್ ಖಯ್ಯೂಮ್ ಮುಖ್ಯರು. ದಾನಿಗಳಿಗೆ ಕೊಟ್ಟ ನಿಕ್ಕಲ್, ಬೆಳ್ಳಿ, ಚಿನ್ನದ ಪದಕಗಳ ನಕಲನ್ನು ಅಲ್ಯೂಮಿನಿಯಂ ತಗಡಿನಲ್ಲಿ ಒತ್ತುತ್ತಿದ್ದೇವೆ.

ತೇದಿ ಬರೆಯುವಾಗ ಹುಷಾರು. ಉದ್ಘಾಟನೆ 1908ರ ಸೆಪ್ಟೆಂಬರ್ 1. ಹಿಜ್ರಿಯಲ್ಲಿ ಅದು 1326, ಒಟ್ಟೋಮನ್ ಸರ್ಕಾರಿ ಲೆಕ್ಕದ ರೂಮಿ ಪಂಚಾಂಗದಲ್ಲಿ 1324. ಎರಡನ್ನೂ ಬೆರೆಸಿದರೆ ರೈಲು ಎರಡು ವರ್ಷ ಮುಂಚೆಯೇ ಮದೀನಾ ಸೇರಿಬಿಡುತ್ತದೆ. ಫಲಕದಲ್ಲಿ ಹಿಜ್ರಿ ಮತ್ತು ಇಸವಿ ಮಾತ್ರ ಇಡುತ್ತೇವೆ.

ಬಾಕಿ ಇರುವುದು ನಿಲ್ದಾಣದ ಕಲ್ಲಿನ ಗೋಡೆ, ಎಂಜಿನ್ನಿನ ಬೆನ್ನಿಗೆ ಒಂದು ನೀರಿನ ಟ್ಯಾಂಕ್ ವ್ಯಾಗನ್.